ಬಟ್ಟೆ ಕೋಣೆ ಖಾಲಿಯಿರಲಿಲ್ಲ

ಊರಾಚೆಯ ಹಳೇ ಕ್ಷಯರೋಗದ ಆಸ್ಪತ್ರೆ ವಿಶ್ವವಿದ್ಯಾಲಯದ ಪಾಲಿಗೆ ಬಂದಾಗ ಕುಲಪತಿಗಳು ಪರಿವಾರಸಮೇತ ಅದನ್ನು ನೋಡಲು ಬಂದರು. ವಾರ್ಡುಗಳು ಮುಚ್ಚಿ ಬಹಳ ಕಾಲವಾಗಿತ್ತು. ಮುಂದಿನ ಹಜಾರದಲ್ಲಿ ಕುಂಟುತ್ತ ನಡೆಯುತ್ತಿದ್ದ ಹೊರರೋಗಿ ವಿಭಾಗವೂ ಹಿಂದಿನ ವರ್ಷ ಕಣ್ಮುಚ್ಚಿತ್ತು. ಆದರೂ ಕುಲಪತಿಗಳ ಕರವಸ್ತ್ರ ಮೂಗಿನಿಂದ ಇಳಿಯಲಿಲ್ಲ. ಅವರನ್ನು ನೋಡಿ ಕುಲಸಚಿವರೂ ತಮ್ಮ ಕರವಸ್ತ್ರ ತೆಗೆದರು. ಕುಲಸಚಿವರನ್ನು ನೋಡಿ ವಿಭಾಗದ ಮುಖ್ಯಸ್ಥರೆಲ್ಲ ಜೇಬು ತಡಕಾಡಿದರು. ಕರವಸ್ತ್ರ ಮರೆತು ಬಂದಿದ್ದ ಅರ್ಥಶಾಸ್ತ್ರದವರು ಅಂಗೈಯಿಂದಲೇ ಮೂಗು ಮುಚ್ಚಿ ತಮ್ಮ ನಿಷ್ಠೆ ತೋರಿಸಿದರು.

ಕಟ್ಟಡವೇನೋ ಚೆನ್ನಾಗಿತ್ತು. ಗಾಳಿ ಬೆಳಕೇ ಔಷಧಿ ಎಂದು ನಂಬಿದ್ದ ಕಾಲದಲ್ಲಿ ಕಟ್ಟಿದ್ದು. ಆಳೆತ್ತರದ ಕಿಟಕಿಗಳು, ಮಂಚಗಳನ್ನು ಬಿಸಿಲಿಗೆ ತಳ್ಳಲೆಂದೇ ಉದ್ದಕ್ಕೂ ಬಿಟ್ಟ ಜಗಲಿ, ಮೂಲೆಯಲ್ಲಿ ಧೂಳು ಕೂರದಂತೆ ಗುಂಡಗೆ ತೀಡಿದ ಗಾರೆ. ಅದನ್ನೆಲ್ಲ ನೋಡುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಪ್ರತಿಯೊಬ್ಬರೂ ತಮಗೊಂದು ಕೋಣೆ ಹುಡುಕುತ್ತಿದ್ದರು. ವಾಣಿಜ್ಯದ ಮುಖ್ಯಸ್ಥರು ವೈದ್ಯಾಧಿಕಾರಿಯ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು, ಬಸ್ಸಿನಲ್ಲಿ ಸೀಟು ಹಿಡಿದವರಂತೆ, ಅಲ್ಲಿಂದ ಕದಲಲೇ ಇಲ್ಲ. ಕಿಟಕಿಯೇ ಇಲ್ಲದ ಎಕ್ಸ್‌ರೇ ಕೋಣೆಯನ್ನು ಎಲ್ಲರೂ ಒಮ್ಮತದಿಂದ ತತ್ವಶಾಸ್ತ್ರಕ್ಕೆ ಕೊಟ್ಟರು. ಆ ವಿಭಾಗದವರು ಅಂದು ರಜೆಯಲ್ಲಿದ್ದರು. ರೋಗಿಗಳ ಕಫದ ಬಟ್ಟಲು ತೊಳೆಯುತ್ತಿದ್ದ ಕೋಣೆ, ಅದು ಏನೆಂದು ಯಾರಿಗೂ ಗೊತ್ತಿಲ್ಲದೆ, ಪ್ರಾಧ್ಯಾಪಕರ ಊಟದ ಕೋಣೆಯಾಯಿತು.

ಮಹಡಿ ಮೆಟ್ಟಿಲ ಪಕ್ಕದ ಬಾಗಿಲಿನ ಮೇಲೆ ‘ಬಟ್ಟೆ ಕೋಣೆ’ ಎಂದು ಮಾಸಿದ ಅಕ್ಷರಗಳಿದ್ದವು. ಪರಿವರ್ತನೆಯ ಕೆಲಸ ವಹಿಸಿಕೊಂಡಿದ್ದ ವಾಸ್ತುಶಿಲ್ಪಿ, ಚಿಕ್ಕ ವಯಸ್ಸಿನ ಚುರುಕಾದ ಹೆಣ್ಣು, ನಕ್ಷೆ ಬಿಡಿಸಿ, “ಇದು ಖಾಲಿ ಉಗ್ರಾಣ ಸರ್. ಇಲ್ಲಿ ಕಾಫಿ ಕೌಂಟರ್ ಬರುತ್ತೆ,” ಎಂದಳು. ಕುಲಸಚಿವರು ಬಾಗಿಲು ನೂಕಿದರು.

“ತಟ್ಟಿ ಒಳಗೆ ಬರೋ ಅಭ್ಯಾಸ ಇಲ್ವಾ ನಿಮಗೆ?” ಎಂದಿತು ಒಳಗಿನಿಂದ ಒಂದು ದನಿ.

ಗೋಡೆಯ ಉದ್ದಕ್ಕೂ ಖಾಲಿ ಕಪಾಟುಗಳು. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಪಕ್ಕದಲ್ಲಿ ಆಸ್ಪತ್ರೆಯ ಕಬ್ಬಿಣದ ಮಂಚ, ಅದರ ಮೇಲೆ ಸುಕ್ಕಿಲ್ಲದ ಹಾಸಿಗೆ. ಯಂತ್ರದ ಮುಂದೆ ಎಪ್ಪತ್ತು ದಾಟಿದ, ಎಡ ಭುಜ ಕುಸಿದ ಹೆಂಗಸೊಬ್ಬಳು ಕೂತು ದಿಂಬಿನ ಕವರು ಹೊಲಿಯುತ್ತಿದ್ದಳು. ಕರವಸ್ತ್ರ ಮುಚ್ಚಿದ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಎಲ್ಲಾ ಕೆಮ್ಮಿನವರಾ? ಆಸ್ಪತ್ರೆ ಮುಚ್ಚಿಹೋಯ್ತು. ಬೇರೆ ಕಡೆ ಹೋಗಿ,” ಎಂದಳು.

ಆಸ್ಪತ್ರೆಯಲ್ಲಿ ಅವಳಿಗೆ ಸೂಜಿಯಕ್ಕ ಎಂದು ಹೆಸರು. ಹೊಲಿಗೆಗಾಗಿ ಬಂದ ಹೆಸರೋ ನಾಲಿಗೆಗಾಗಿ ಬಂದದ್ದೋ ಹೇಳುವುದು ಕಷ್ಟ. ಹರೆಯದಲ್ಲಿ ಎದೆಗೆ ರೋಗ ತಗುಲಿ, ಅಪ್ಪ ಅವಳನ್ನು ಇಲ್ಲಿಗೆ ತಂದು ಬಿಟ್ಟಿದ್ದ. ಪಕ್ಕೆಲುಬು ತೆಗೆದು ಶಸ್ತ್ರಚಿಕಿತ್ಸೆ ಮಾಡಿದರು. ಭುಜ ಕುಸಿಯಿತು, ರೋಗ ಹೋಯಿತು. ಗುಣವಾಗಿದೆ, ಬಂದು ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಮನೆಗೆ ತಿಳಿಸಿದರು. ಯಾರೂ ಬರಲಿಲ್ಲ. ಮತ್ತೆ ತಿಳಿಸಿದರು. ಆಗಲೂ ಬರಲಿಲ್ಲ. ಹೊರಗೆ ಕ್ಷಯ ಎಂಬ ಮಾತು ಕೇಳಿದರೆ ಜನ ಆ ಮನೆಯ ನೀರು ಕುಡಿಯಲೂ ಹೆದರುತ್ತಿದ್ದ ಕಾಲ. ಕೈಕಟ್ಟಿ ಕೂರಲಾರದೆ ಅವಳು ಹರಿದ ಹೊದಿಕೆಗಳಿಗೆ ತೇಪೆ ಹಾಕತೊಡಗಿದಳು, ಆಮೇಲೆ ದಾದಿಯರ ಸಮವಸ್ತ್ರ ಹೊಲಿದಳು, ಆಮೇಲೆ ಬಟ್ಟೆ ಕೋಣೆಯ ಬೀಗದ ಕೈ ಅವಳ ಸೊಂಟಕ್ಕೆ ಬಂತು.

ಮನೆಯಲ್ಲಿ ಅವಳಿಗೊಬ್ಬ ತಮ್ಮನಿದ್ದ. ಅವಳು ಆಸ್ಪತ್ರೆಗೆ ಬರುವಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅವಳೇ ಎತ್ತಿ ಆಡಿಸಿ, ಅಕ್ಷರ ತಿದ್ದಿಸಿದ ಹುಡುಗ. ಅವನು ದೊಡ್ಡವನಾಗಿ, ಓದಿ, ಅವನ ಮದುವೆಯ ಮಾತು ನಡೆದಾಗ ಅದೇ ಊರಿನ ಆಯಾ ಒಬ್ಬಳು ರಜೆ ಮುಗಿಸಿ ಬಂದು ಸುದ್ದಿ ಹೇಳಿದಳು: “ಅಕ್ಕಾ, ಹೆಣ್ಣಿನ ಕಡೆಯವರಿಗೆ ನೀವು ಸತ್ತುಹೋದ್ರಿ ಅಂತ ಹೇಳಿದ್ದಾರೆ.”

“ಯಾವ ಕಾಯಿಲೇಲಿ ಸತ್ತೆನಂತೆ?”

“ವಿಷಮಶೀತಜ್ವರ ಅಂತೆ.”

“ಸದ್ಯ, ಮರ್ಯಾದಸ್ಥರ ಕಾಯಿಲೇನೇ ಆರಿಸಿದ್ದಾರೆ,” ಎಂದು ಸೂಜಿಯಕ್ಕ ಹೊಲಿಗೆ ಮುಂದುವರಿಸಿದ್ದಳು. ನನಗೆ ಎಳ್ಳುನೀರು ಬಿಟ್ಟವರ ಬಾಗಿಲಿಗೆ ಹೋಗಿ ಬದುಕಿದ್ದೇನೆ ಎಂದು ಸಾಬೀತು ಮಾಡುವ ದರ್ದು ನನಗಿಲ್ಲ ಎಂದು ಅಂದೇ ತೀರ್ಮಾನಿಸಿಕೊಂಡಳು. ಅದಾದ ಮೇಲೆ ಆ ವಿಷಯ ಎತ್ತಿದವರಿಗೆ ಅವಳು ಕೊಟ್ಟ ಉತ್ತರ ಕೇಳಿ ಇನ್ನೊಮ್ಮೆ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಈಗ ಅವಳನ್ನು ಖಾಲಿ ಮಾಡಿಸುವ ಹೊಣೆ ಕುಲಸಚಿವರ ತಲೆಗೆ ಬಿತ್ತು. ಅವರು ಮೊದಲು ಜೇನಿನಂತೆ ಮಾತಾಡಿದರು. “ನೋಡಿ ಅಮ್ಮಾ, ಇದು ಇನ್ಮೇಲೆ ಜ್ಞಾನದೇಗುಲ.”

“ಒಳ್ಳೇದಾಯ್ತು. ನಿಮಗೂ ಸ್ವಲ್ಪ ಬರಬಹುದು.”

ಆಮೇಲೆ ನೀರಿನ ಕೊಳಾಯಿ ಬಂದ್ ಮಾಡಿಸಿದರು. ಅವಳು ಬಕೆಟ್ ಹಿಡಿದು ನೇರ ಕುಲಪತಿಗಳು ಬಂದಿಳಿಯುವ ಮುಂಬಾಗಿಲ ನಲ್ಲಿಗೆ ಹೋಗಿ, ಅಲ್ಲೇ ಬಟ್ಟೆ ಒಗೆದು, ಅಲ್ಲೇ ಒಣಹಾಕಿದಳು. ಮರುದಿನ ಕೊಳಾಯಿಯಲ್ಲಿ ನೀರು ಬಂತು. ವಕೀಲರನ್ನು ಕೇಳಿದರೆ, ಇಷ್ಟು ಕಾಲ ಒಂದೇ ಕೋಣೆಯಲ್ಲಿ ಬದುಕಿದ ಮುದುಕಿಯನ್ನು ಎಳೆದು ಹಾಕಿದರೆ ನ್ಯಾಯಾಲಯಕ್ಕಿಂತ ಮೊದಲು ಪತ್ರಿಕೆಯವರು ಚರ್ಮ ಸುಲಿಯುತ್ತಾರೆ ಎಂದರು.

ಕೊನೆಗೆ ವಾಸ್ತುಶಿಲ್ಪಿ ಬಂದಳು. “ಅಜ್ಜೀ, ನಾನು…” ಎಂದು ಶುರುಮಾಡಿದಳು.

“ಮದುವೇನೇ ಆಗಿಲ್ಲ ನನಗೆ, ಮೊಮ್ಮಗಳು ಎಲ್ಲಿಂದ ಉದುರಿದೆ?”

“ಅಕ್ಕ ಅನ್ನಲಾ?”

“ಅನ್ನು. ಇಷ್ಟು ದೊಡ್ಡ ಕಟ್ಟಡದಲ್ಲಿ ನಿನ್ನ ಕಾಫಿ ಕಾಯಿಸೋಕೆ ನನ್ನ ಕೋಣೇನೇ ಬೇಕಿತ್ತಾ?”

“ನೀರಿನ ಪೈಪು, ಬೆಳಕು, ಜನ ಓಡಾಡೋ ಜಾಗ… ಎಲ್ಲಾ ಇಲ್ಲೇ ಸೇರುತ್ತೆ ಅಕ್ಕ.”

“ಅದಕ್ಕೇ ನಾನೂ ಇಲ್ಲಿರೋದು,” ಎಂದಳು ಸೂಜಿಯಕ್ಕ. ವಾಸ್ತುಶಿಲ್ಪಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳು ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಬರತೊಡಗಿದಳು. ನಕ್ಷೆಯಲ್ಲಿ ಮಾತ್ರ ಕಾಫಿ ಕೌಂಟರ್ ಇದ್ದಲ್ಲೇ ಇತ್ತು. ಬದಲಾಯಿಸಲು ಹೇಳುವವರು ಯಾರೂ ಇರಲಿಲ್ಲ, ತಾನಾಗಿ ಬದಲಾಯಿಸುವಷ್ಟು ಎದೆಗಾರಿಕೆ ಅವಳಿಗೂ ಇರಲಿಲ್ಲ.

ಅಷ್ಟರಲ್ಲಿ ಕುಲಪತಿಗಳಿಗೆ ‘ಪರಂಪರೆ’ ಎಂಬ ಪದದ ಹುಚ್ಚು ಹಿಡಿಯಿತು. ಹಳೇ ಕಟ್ಟಡಕ್ಕೆ ಹಣ ಕೊಡುವ ಸಂಸ್ಥೆಗಳು ಆ ಪದ ಕೇಳಿದರೆ ಕರಗುತ್ತವೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಪರಂಪರಾ ಸಮಿತಿ ಹುಟ್ಟಿತು. ಅದರ ಅಧ್ಯಕ್ಷರಾಗಿ ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರನ್ನು ಆರಿಸಿದರು. ಬೆಳ್ಳಿಗೂದಲು, ತೂಕದ ದನಿ, ಯಾವ ಸಭೆಗೂ ಹೊಂದುವ ಮುಖ. ಅವರು ಪತ್ರಿಕೆಯಲ್ಲಿ ‘ಕರುಣೆಯ ಗೋಡೆಗಳು’ ಎಂಬ ಲೇಖನ ಬರೆದರು. ಈ ಜಗಲಿಗಳಲ್ಲಿ ಸಮಾಜ ತನ್ನ ದುರ್ಬಲರನ್ನು ಎದೆಗವಚಿಕೊಂಡಿತು ಎಂದು ಅದರಲ್ಲಿತ್ತು. ಓದಿದವರೆಲ್ಲ ಕಣ್ಣೊರೆಸಿಕೊಂಡರಂತೆ.

ಆ ಲೇಖನವನ್ನು ವಾಸ್ತುಶಿಲ್ಪಿ ಊಟದ ಹೊತ್ತಿಗೆ ತಂದು ಸೂಜಿಯಕ್ಕನಿಗೆ ತೋರಿಸಿದಳು. ಮೇಲೆ ಬರೆದವರ ಹೆಸರು, ಪಕ್ಕದಲ್ಲಿ ಫೋಟೋ. ಸೂಜಿಯಕ್ಕ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದಳು.

“ಗೊತ್ತಾ ಅಕ್ಕ ಇವರು?”

“ಗೊತ್ತಿಲ್ಲದೆ ಏನು? ನನ್ನ ತಮ್ಮ. ಎದೆಗವಚಿಕೊಂಡರಂತೆ! ಆಸ್ಪತ್ರೆ ಗೇಟಿನ ಒಳಗೂ ಕಾಲಿಟ್ಟಿಲ್ಲ ಬಡ್ಡೀಮಗ.”

ವಾಸ್ತುಶಿಲ್ಪಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸೂಜಿಯಕ್ಕ ಅವಳಿಗೆ ಎಲ್ಲ ಹೇಳಿ, ಕೊನೆಗೆ, “ಬಾಯಿ ಬಿಟ್ಟೀಯ ಜೋಕೆ,” ಎಂದಳು.

ಬಟ್ಟೆ ಕೋಣೆಯಲ್ಲಿ ಆಸ್ಪತ್ರೆಯ ಕಾಲದ ರೋಗಿಯೊಬ್ಬಳು ಇನ್ನೂ ಇದ್ದಾಳೆ ಎಂದು ತಿಳಿದಾಗ ಪರಂಪರಾ ಸಮಿತಿ ಕುಣಿದಾಡಿತು. ನಿನ್ನೆಯವರೆಗೆ ತೊಲಗಿಸಬೇಕಾದ ಕಸವಾಗಿದ್ದವಳು ಒಂದೇ ಸಭೆಯಲ್ಲಿ ಜೀವಂತ ಸ್ಮಾರಕವಾದಳು. ಕುಲಸಚಿವರು ಹಲ್ಲು ಗಿಂಜುತ್ತ ಬಂದರು: ಅಧ್ಯಕ್ಷರು ಖುದ್ದಾಗಿ ಬಂದು ನಿಮ್ಮ ನೆನಪುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಉದ್ಘಾಟನೆಯ ದಿನ ನೀವು ಯಂತ್ರದ ಮುಂದೆ ಕೂತು ಹೊಲಿಯುತ್ತಿರಬೇಕು, ಅತಿಥಿಗಳು ನೋಡುತ್ತಾರೆ. ಬೈಗುಳ ತಿನ್ನಲು ತಯಾರಾಗಿಯೇ ಬಂದಿದ್ದರು. “ಆಗಲಿ, ಬರೋಕೆ ಹೇಳಿ,” ಎಂದಳು ಸೂಜಿಯಕ್ಕ. ಕುಲಸಚಿವರು ತಮ್ಮ ಮಾತಿನ ಜಾಣ್ಮೆಗೆ ತಾವೇ ಬೆನ್ನು ತಟ್ಟಿಕೊಂಡು ಹೋದರು.

ಪ್ರಾಧ್ಯಾಪಕರು ಬಂದರು. ಬಾಗಿಲು ಹಾಕಿ, ಸ್ಟೂಲ್ ಎಳೆದುಕೊಂಡು, ಪುಟ್ಟ ರೆಕಾರ್ಡರನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟರು. ಗದ್ದದ ಮೇಲಿನ ಹಳೇ ಗಾಯದ ಗುರುತು ಗಡ್ಡದೊಳಗಿಂದ ಕಾಣುತ್ತಿತ್ತು.

“ಭಯಪಡಬೇಡಿ ತಾಯಿ. ಮನಸ್ಸು ಬಿಚ್ಚಿ ಹೇಳಿ. ಮೊದಲು ನಿಮ್ಮ ಹೆಸರು, ತಂದೆಯ ಹೆಸರು.”

ಅವಳು ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು ಹೇಳಿದಳು. ಬೀದಿ, ಮನೆ, ಮನೆಯ ಮುಂದಿನ ಮುರುಕು ಕಟ್ಟೆ, ಆ ಕಟ್ಟೆಯಿಂದ ಬಿದ್ದು ಗದ್ದ ಒಡೆದುಕೊಂಡ ಹುಡುಗನ ಹೆಸರು, ಎಲ್ಲ ಹೇಳಿದಳು. “ಅವನು ಅಳ್ತಾ ನನ್ನ ಸೊಂಟದ ಮೇಲೇ ಕೂತಿದ್ದ. ನನ್ನ ಬಟ್ಟೆ ತುಂಬಾ ರಕ್ತ. ಮುಂದೆ ಹೇಳಲಾ, ರೆಕಾರ್ಡ್ ಆಗ್ತಿದೆಯಾ?”

ಪ್ರಾಧ್ಯಾಪಕರ ಕೈ ತಾನಾಗಿ ಚಾಚಿ ರೆಕಾರ್ಡರನ್ನು ನಿಲ್ಲಿಸಿತು. ಬಾಯಿ ತೆರೆದರೂ ಆ ತೂಕದ ದನಿ ಬರಲಿಲ್ಲ.

“ಅಕ್ಕಾ… ಇನ್ನೂ ಇಲ್ಲೇ ಇದ್ದೀಯಾ?”

“ನಿಮ್ಮಕ್ಕ ಸತ್ತು ಎಷ್ಟೋ ವರ್ಷ ಆಯ್ತಲ್ಲಪ್ಪ, ಜ್ವರ ಬಂದು.”

“ಅಪ್ಪ ಹೇಳಿದ್ದು ಅದು. ನಾನು ಆಗ ಏನು ಮಾಡೋಕಾಗ್ತಿತ್ತು? ಹೆಣ್ಣಿನ ಕಡೆಯವರಿಗೆ ಗೊತ್ತಾಗಿದ್ರೆ ಮದುವೆ ಮುರಿದುಹೋಗ್ತಿತ್ತು. ಆಮೇಲೆ… ಆಮೇಲೆ ಹೇಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ. ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ ಅಕ್ಕ. ಮಗಳಿಗೂ.”

“ಇತಿಹಾಸದ ಮೇಷ್ಟ್ರು ನೀನು. ಅಪ್ಪ ಸತ್ತ ಮೇಲಾದ್ರೂ ಒಂದು ದಿನ ಬರಬಹುದಿತ್ತು. ಬಸ್ಸು ಗೇಟಿನ ಮುಂದೇನೇ ನಿಲ್ಲುತ್ತೆ.”

ಅವರು ಕನ್ನಡಕ ತೆಗೆದು ಒರೆಸಿದರು. ಅತ್ತರೇನೋ ಎಂದು ಅವಳ ಜೀವ ಒಂದು ಕ್ಷಣ ಮಿಡಿಯಿತು. ಅವರು ಅತ್ತಿರಲಿಲ್ಲ, ಯೋಚಿಸುತ್ತಿದ್ದರು.

“ಒಂದು ಒಳ್ಳೆ ವೃದ್ಧಾಶ್ರಮ ಇದೆ ಅಕ್ಕ. ಸ್ವಲ್ಪ ದೂರ, ಆದರೆ ಬೆಟ್ಟ, ತೋಟ, ಶಾಂತವಾದ ಜಾಗ. ಖರ್ಚೆಲ್ಲಾ ನಂದು. ಉದ್ಘಾಟನೆಗೆ ಮುಂಚೆನೇ…”

“ಎದ್ದೇಳು,” ಎಂದಳು ಸೂಜಿಯಕ್ಕ. “ಒಂದ್ಸಲ ಸಾಯಿಸಿದ್ದು ಸಾಲ್ದು ಅಂತ ಈಗ ಬೆಟ್ಟದ ಮೇಲೆ ತಗೊಂಡು ಹೋಗಿ ಹೂಳ್ತೀಯಾ? ಎದ್ದು ನಡಿ ಇಲ್ಲಿಂದ.”

ಅವರು ಹೋದ ಮೇಲೆ ಅವಳು ಯಂತ್ರ ತುಳಿದಳು. ಹೊಲಿಗೆ ಸೊಟ್ಟಗೆ ಓಡಿತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಸೊಟ್ಟ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಬಂದ ವಾಸ್ತುಶಿಲ್ಪಿ ಸದ್ದು ಮಾಡದೆ ಹೊರಟುಹೋದಳು.

ಆ ವೃದ್ಧಾಶ್ರಮದ ಮಾತು ಕುಲಸಚಿವರ ಕಿವಿಗೂ ಬಿತ್ತು. ಪ್ರಾಧ್ಯಾಪಕರೇ ಹೇಳಿದ್ದರು, ಆ ವೃದ್ಧೆಗೆ ತಲೆ ಸರಿಯಿಲ್ಲ, ದೂರ ಕಳಿಸುವುದೇ ಲೇಸು ಎಂದು. ಜೀವಂತ ಸ್ಮಾರಕವನ್ನು ಯಾಕೆ ಸಾಗಹಾಕಬೇಕೆಂದು ತಿಳಿಯದಿದ್ದರೂ ಕುಲಸಚಿವರು ಅವರ ಮನೆಗೇ ಫೋನ್ ಮಾಡಿದರು. ಎತ್ತಿದ್ದು ಪ್ರಾಧ್ಯಾಪಕರ ಹೆಂಡತಿ. “ಆ ಬಟ್ಟೆ ಕೋಣೆ ಮುದುಕಿನ ಯಾವಾಗ ಕಳಿಸೋಣ ಅಂತ ಸಾಹೇಬ್ರನ್ನ ಕೇಳಿ ಅಮ್ಮಾ,” ಎಂದರು ಕುಲಸಚಿವರು.

ಮರುದಿನ ಬೆಳಿಗ್ಗೆ ಆ ಹೆಂಗಸು ಒಬ್ಬಳೇ ಬಸ್ಸಿನಲ್ಲಿ ಬಂದಿಳಿದಳು. ಬಾಗಿಲಲ್ಲಿ ನಿಂತು, “ಅತ್ತಿಗೆ, ನಾನು ನಿಮ್ಮ ತಮ್ಮನ ಹೆಂಡತಿ,” ಎಂದಳು.

ಸೂಜಿಯಕ್ಕ ಅವಳನ್ನು ಮೇಲಿಂದ ಕೆಳಗೆ ಅಳೆದಳು. “ಕೊನೆಗೂ ಬಾಯಿ ಬಿಟ್ನಾ ಅವನು?”

“ಇಲ್ಲ. ಅತ್ತೆ ಸಾಯೋಕೆ ಮುಂಚೆ ನನಗೆ ಹೇಳಿದ್ರು, ನೀವು ಬದುಕಿದ್ದೀರಿ, ಇಲ್ಲಿದ್ದೀರಿ ಅಂತ. ಆಗ ಮಗಳಿನ್ನೂ ಸ್ಕೂಲಿಗೆ ಹೋಗ್ತಿದ್ಲು. ನಮ್ಮ ಯಜಮಾನರೇ ಹೇಳಲಿ ಅಂತ ನಾನು ಕಾದೆ. ನನಗೆ ಗೊತ್ತಾಗಬಾರದು ಅಂತ ಅವರು ಮುಚ್ಚಿಟ್ರು.”

ಸೂಜಿಯಕ್ಕ ನಗತೊಡಗಿದಳು. ನಗು ಕೆಮ್ಮಾಯಿತು, ಯಂತ್ರ ಹಿಡಿದುಕೊಂಡು ಸುಧಾರಿಸಿಕೊಂಡಳು. “ನಿನಗೆ ಗೊತ್ತಾಗಬಾರದು ಅಂತ ನಾನು ಸತ್ತೆ. ನಿನಗೆ ಗೊತ್ತಿತ್ತು! ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿ ಒಬ್ಬರಿಂದೊಬ್ಬರು ನನ್ನ ಬಚ್ಚಿಟ್ಟಿದ್ದೀರಿ. ಅವನು ಹೇಡಿ, ಹುಟ್ಟಿದಾಗಿಂದ ನೋಡಿದ್ದೀನಿ. ನಿನಗೇನು ಬಂದಿತ್ತು?”

“ಮಗಳ ಮದುವೆ ಮಾಡಬೇಕಿತ್ತು ಅತ್ತಿಗೆ.”

“ಮದುವೆ! ನಿಮ್ಮ ಮನೇಲಿ ಯಾರ ಮದುವೆ ಆದ್ರೂ ನಾನೇ ಸಾಯಬೇಕು.”

ಹೆಂಡತಿ ತಲೆ ತಗ್ಗಿಸಿ ನಿಂತಳು. ಕ್ಷಮಿಸಿ ಎನ್ನಲಿಲ್ಲ, ಅಂದಿದ್ದರೆ ಸೂಜಿಯಕ್ಕ ಅವಳನ್ನೂ ಹೊರಗಟ್ಟುತ್ತಿದ್ದಳು. ಕೊನೆಗೆ ಸೂಜಿಯಕ್ಕ ಸ್ಟೂಲನ್ನು ಕಾಲಿನಿಂದಲೇ ಅವಳ ಕಡೆ ತಳ್ಳಿದಳು.

ಉದ್ಘಾಟನೆಯ ದಿನ ಹೆಂಗಸರ ವಾರ್ಡು ಸಭಾಂಗಣವಾಗಿ ಹೊಳೆಯುತ್ತಿತ್ತು. ಸೂಜಿಯಕ್ಕ ಯಂತ್ರದ ಮುಂದೆ ಕೂರಲಿಲ್ಲ. ಸಭಾಂಗಣಕ್ಕೆ ನಡೆದು ಬಂದು ಮಂತ್ರಿಗಳಿಗೆಂದು ಬಿಟ್ಟಿದ್ದ ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ತಮ್ಮನ ಹೆಂಡತಿ ಬಂದು ಕೂತಳು. ಭಾಷಣಕ್ಕೆ ಎದ್ದ ಪ್ರಾಧ್ಯಾಪಕರು ಮುಂದಿನ ಸಾಲಿನಲ್ಲಿ ಅವರಿಬ್ಬರನ್ನೂ ಒಟ್ಟಿಗೆ ನೋಡಿದರು. ಅವರ ಮುಖ ಸುಣ್ಣವಾಯಿತು. ಕಾಗದ ಮಡಚಿ ಜೇಬಿಗಿಟ್ಟರು. 

ಆದರೆ ಸಭೆಗಳಲ್ಲಿ ಪಳಗಿದ ಮನುಷ್ಯ. ಎಲ್ಲಿ ಬಿದ್ದರೂ ಮೀಸೆ ಮಣ್ಣಾಗದಂತೆ ಏಳುವುದು ಅವರಿಗೆ ಗೊತ್ತಿತ್ತು. “ಬಂಧುಗಳೇ,” ಎಂದು ಗದ್ಗದಿತರಾದರು. “ಇಂದು ನಾನು ಇತಿಹಾಸಕಾರನಾಗಿ ನಿಂತಿಲ್ಲ. ಈ ಕಟ್ಟಡ ನನಗೊಂದು ಕಾಣಿಕೆ ಕೊಟ್ಟಿದೆ. ವಿಧಿ ನನ್ನಿಂದ ಕಿತ್ತುಕೊಂಡಿದ್ದ ನನ್ನ ಅಕ್ಕನನ್ನು ಈ ಗೋಡೆಗಳ ನಡುವೆ ನಾನು ಹುಡುಕಿ ಪಡೆದೆ!”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುಲಪತಿಗಳು ಕಣ್ಣೊರೆಸಿಕೊಂಡರು. ವಾಣಿಜ್ಯದವರು ಬಿಕ್ಕಿದರು. ಕ್ಯಾಮೆರಾಗಳು ಸೂಜಿಯಕ್ಕನ ಮುಖಕ್ಕೆ ಮುಗಿಬಿದ್ದವು. ಯಾರೋ ಅವಳ ಕೈಗೆ ಮೈಕು ಕೊಟ್ಟರು.

“ಅವನು ನನ್ನ ತಮ್ಮ ಅನ್ನೋದು ನಿಜ,” ಎಂದಳು ಸೂಜಿಯಕ್ಕ. “ಆದರೆ ಹುಡುಕೋಕೆ ನಾನೇನೂ ಕಳೆದುಹೋಗಿರಲಿಲ್ಲ. ಇಲ್ಲೇ ಇದ್ದೆ. ಅವನಿಗೂ ಗೊತ್ತಿತ್ತು. ಮದುವೆ ಕೆಡಬಾರದು ಅಂತ ನಾನು ಸತ್ತೆ ಅಂದುಬಿಟ್ರು. ವಿಧಿಗೂ ಇದಕ್ಕೂ ಸಂಬಂಧ ಇಲ್ಲ.”

 ಕುಲಪತಿಗಳು ಜೋರಾಗಿ ನಕ್ಕು, “ಆಹಾ, ಎಂಥ ಹಾಸ್ಯಪ್ರಜ್ಞೆ!” ಎಂದರು. ಕುಲಸಚಿವರು ನಕ್ಕರು. ಇಡೀ ಸಭೆ ನಿರಾಳವಾಗಿ ನಕ್ಕು ಮತ್ತೆ ಚಪ್ಪಾಳೆ ತಟ್ಟಿತು. ಅವಳು ಏನೋ ಹೇಳಲು ಹೋದಳು. ಮೈಕು ಆಗಲೇ ಬೇರೆ ಕೈಗೆ ಹೋಗಿತ್ತು. ಮರುದಿನದ ಪತ್ರಿಕೆಗಳಲ್ಲಿ ‘ಪರಂಪರೆ ಬೆಸೆದ ಕರುಳಬಳ್ಳಿ’ ಎಂದು ಸುದ್ದಿ ಬಂತು, ಪ್ರಾಧ್ಯಾಪಕರ ದೊಡ್ಡ ಫೋಟೋ ಸಹಿತ. ಹಾಗೆ ಸತ್ಯವನ್ನು ಮುಖಕ್ಕೆ ಹೇಳಿಯೂ ಸೂಜಿಯಕ್ಕ ತಮ್ಮನನ್ನು ದೊಡ್ಡ ಮನುಷ್ಯನನ್ನಾಗಿಯೇ ಮಾಡಿದಂತಾಯಿತು. ಅವಳು ಆ ವಾರವಿಡೀ ಕೈಗೆ ಸಿಕ್ಕವರನ್ನೆಲ್ಲ ಬೈದಳು.

ಲಾಭ ಆಗಿದ್ದು ಒಂದೇ. ಅಷ್ಟು ಹೆಸರಾದವಳನ್ನು ಹೊರಹಾಕುವಂತಿರಲಿಲ್ಲ. ವಾಸ್ತುಶಿಲ್ಪಿ ಈಗ ಧೈರ್ಯ ತಂದುಕೊಂಡು ಕಾಫಿ ಕೌಂಟರನ್ನು ಜಗಲಿಗೆ ಸಾಗಿಸಿದಳು. ಅದರಿಂದ ದಿನವಿಡೀ ಬಟ್ಟೆ ಕೋಣೆಯ ಕಿಟಕಿಯ ಹೊರಗೆ ಗದ್ದಲ. ಜಿಪ್ ಕಿತ್ತ ಚೀಲ, ಗುಂಡಿ ಹೋದ ಅಂಗಿ ಹಿಡಿದು ವಿದ್ಯಾರ್ಥಿಗಳು ಬರತೊಡಗಿದರು. ಒಂದು ಗುಂಡಿ ಹಾಕಲು ಬಾರದವರು ಪದವಿ ತೆಗೆದುಕೊಂಡು ಯಾರನ್ನು ಉದ್ಧಾರ ಮಾಡುತ್ತೀರಿ ಎಂದು ಬೈಯುತ್ತಲೇ ಅವಳು ಹೊಲಿದುಕೊಟ್ಟಳು. ತಮ್ಮ ಒಮ್ಮೆ ಫೋಟೋದವನನ್ನು ಕರೆದುಕೊಂಡು ಬಂದ. ಅವಳು ಬಾಗಿಲು ತೆರೆಯಲಿಲ್ಲ. ಆಮೇಲೆ ಅವನು ಬರಲಿಲ್ಲ. ಅವಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾನೆಂದು ಕೇಳಿಬಂತು.

ಹೆಂಡತಿ ಮಾತ್ರ ಬರುತ್ತಿದ್ದಳು. ಇಬ್ಬರೂ ಜಗಳವಾಡುತ್ತಿದ್ದರು, ಆಮೇಲೆ ಅವಳು ತಂದದ್ದನ್ನು ಇಬ್ಬರೂ ತಿನ್ನುತ್ತಿದ್ದರು. ಒಂದು ಮಧ್ಯಾಹ್ನ ಅವಳ ಜೊತೆ ಮಗಳೂ ಬಂದಳು. ನಲವತ್ತರ ಹತ್ತಿರದ, ಅಪ್ಪನ ಕಣ್ಣುಗಳ ಹೆಂಗಸು.

“ಅತ್ತೆ,” ಎಂದಳು ಅವಳು. ಸೂಜಿಯಕ್ಕನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವಳು ಕತ್ತರಿ ಹುಡುಕುವವಳಂತೆ ಮುಖ ತಿರುಗಿಸಿದಳು.

“ನಿನ್ನ ಮದುವೆ ಬಹಳ ಚೆನ್ನಾಗಿ ಆಯ್ತಂತೆ?”

“ಆಗಿತ್ತು ಅತ್ತೆ.”

“ಆಗಲೇಬೇಕಲ್ಲ. ಅದಕ್ಕೆ ನಾನೇ ಖರ್ಚಾಗಿದ್ದೀನಿ.”

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. “ಬಿಟ್ಟು ಬಂದೆ ಅತ್ತೆ,” ಎಂದಳು ಮಗಳು. “ಎರಡನೇ ವರ್ಷಾನೇ. ಅವನು ಹೊಡೀತಿದ್ದ. ಯಾರಿಗೂ ಹೇಳಬೇಡ ಅಂತ ಅಪ್ಪ ಈಗಲೂ ಅಂತಾರೆ. ಕೇಳಿದವರಿಗೆಲ್ಲ, ಗಂಡನ ಜೊತೆ ಬೇರೆ ಊರಲ್ಲಿದ್ದಾಳೆ ಅಂತಾರೆ. ನಾನು ಅಪ್ಪನ ಮನೆಯ ಮಹಡಿ ಮೇಲೇ ಇರೋದು.”

ಹೊರಗೆ ಜಗಲಿಯಲ್ಲಿ ಹುಡುಗರು ಗಹಗಹಿಸಿ ನಗುತ್ತಿದ್ದರು. ಸೂಜಿಯಕ್ಕ ಬಾಯಿಗೆ ಬಂದ ಬೈಗುಳವೊಂದನ್ನು ನುಂಗಿಕೊಂಡಳು. ಆ ಕೋಣೆಯಲ್ಲಿ ಹಾಗಾದದ್ದು ಬಹುಶಃ ಮೊದಲ ಸಲ. ಆಮೇಲೆ ಎದ್ದು, ಕಿಟಕಿ ತೆರೆದು, “ಬಾಯಿ ಮುಚ್ಚಿಕೊಂಡು ಕುಡೀರೋ ಕತ್ತೆಗಳಾ! ಇಲ್ಲಿ ಮೂರು ಕಾಫಿ ಕೊಡೋಕೆ ಹೇಳಿ,” ಎಂದು ಕೂಗಿ, ಮಂಚದ ಮೇಲೆ ಹರಡಿದ್ದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ತಮ್ಮನ ಮಗಳಿಗೆ ಜಾಗ ಮಾಡಿದಳು.